ಹಿಂದಕ್ಕೆ ಹೋಗಬಲ್ಲ ಕಣಕ್ಕೆ ಒಬ್ಬ ಬೈಂಡರನ ಮನವಿ

ಎಲ್ಲಿದ್ದೀರಿ, ಯಾವಾಗ ಇದ್ದೀರಿ ಎಂಬುದು ಯಾರಿಗೂ ಖಚಿತವಿಲ್ಲದ ಪರಮಸೂಕ್ಷ್ಮ ಕಣ ಮಹೋದಯರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಈಗ ಕ್ಷೇಮವಾಗಿ ಇಲ್ಲದಿದ್ದರೂ, ಹಿಂದೆ ಯಾವಾಗ ಕ್ಷೇಮವಾಗಿದ್ದಿರೋ ಅಲ್ಲಿಗೇ ಹೋಗಿ ಇದ್ದುಬಿಡುವ ಅನುಕೂಲ ತಮಗಿದೆಯೆಂದು ಕೇಳಿ, ಗುರುತು ಪರಿಚಯವಿಲ್ಲದ ನಾನು ಈ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆಗೆ, ಅಂಟಿನ ಕೈ ತೊಳೆದುಕೊಂಡು, ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ತಮ್ಮಷ್ಟು ಚಿಕ್ಕವರಿಗೆ ಇಷ್ಟು ದೊಡ್ಡ ಪತ್ರ ಬರೆಯುವುದು ಸಭ್ಯತೆಯಲ್ಲ ಎಂದು ಗೊತ್ತಿದೆ. ಆದರೆ ತಮ್ಮ ಅಳತೆಗೆ ತಕ್ಕಂತೆ ಬರೆದರೆ ನನ್ನ ಕನ್ನಡಕ ಸಾಲುವುದಿಲ್ಲ.

ನಾನು ವಿಶ್ವವಿದ್ಯಾಲಯದ ಹಿಂಬಾಗಿಲಿಗೆ ಎದುರಾಗಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಇರುವ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಪುಸ್ತಕ ಬೈಂಡ್ ಮಾಡುತ್ತಿದ್ದೇನೆ. ಸಂಶೋಧನೆ ಮಾಡಿದವರೆಲ್ಲ ಕೊನೆಗೆ ಪ್ರಬಂಧ ಹೊತ್ತುಕೊಂಡು ಬರುವುದು ನನ್ನ ಮೇಜಿಗೇ. ಹೊಲಿಗೆ, ಅಂಟು, ರಟ್ಟು ನನ್ನ ಪಾಲು. ರಟ್ಟಿನ ಮೇಲೆ ಬಂಗಾರದ ಅಕ್ಷರ ಒತ್ತುವುದು ನನ್ನ ಹೆಂಡತಿಯ ಪಾಲು. ಈ ಕೆಲಸ ಕಲಿಸಿದವರು ನನಗೆ ಹೆಣ್ಣು ಕೊಟ್ಟ ಮಾವನವರೇ. ಅವರು ಹಾಕಿಕೊಟ್ಟ ಕಟ್ಟಳೆ ಒಂದೇ: "ಓದಬೇಡ. ಓದಿದ್ರೆ ಕೈ ನಿಲ್ಲುತ್ತೆ, ಕೈ ನಿಂತರೆ ಅಂಟು ಒಣಗುತ್ತೆ." ಹಾಗಾಗಿ ನನ್ನ ಕೈ ಮೇಲೆ ಸಾವಿರಾರು ಪ್ರಬಂಧಗಳು ಹಾದುಹೋಗಿದ್ದರೂ ನನ್ನ ತಲೆಗೆ ಒಂದೂ ಹತ್ತಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ, ಮೊನ್ನೆ ಮಂಗಳವಾರದವರೆಗೆ.

ಮಂಗಳವಾರ ಬಂದದ್ದು ನನ್ನ ತಂಗಿಯ ಮಗಳ ಪ್ರಬಂಧ. ಮಾತು ಕಲಿತಂದಿನಿಂದ ಎದುರಿಗೆ ಕೂತವರನ್ನು ಪ್ರಶ್ನೆ ಕೇಳಿಯೇ ಸುಸ್ತು ಮಾಡುತ್ತಿದ್ದ ಅವಳನ್ನು ಮನೆಯಲ್ಲಿ ಇವತ್ತಿಗೂ ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತೇವೆ. ಐದು ವರ್ಷ ಅವಳು ತಮ್ಮ ಹಿಂದೆಯೇ ಬಿದ್ದಿದ್ದಳು. ತಾವು ಕಾಲದಲ್ಲಿ ಹಿಂದಕ್ಕೆ ಪ್ರಯಾಣ ಮಾಡಬಲ್ಲಿರಾ ಎಂಬುದೇ ಅವಳ ಪ್ರಬಂಧದ ವಿಷಯ. ಇನ್ನೂರ ಹದಿನಾಲ್ಕು ಪುಟ, ಐದು ಪ್ರತಿ. ನಾಲ್ಕು ವಿಶ್ವವಿದ್ಯಾಲಯಕ್ಕೆ, ಒಂದು ಅವಳಿಗೆ.

ಇಲ್ಲಿ ನಮ್ಮ ಕಸುಬಿನ ಒಂದು ಸಣ್ಣ ಸಂಗತಿಯನ್ನು ತಮ್ಮ ಗಮನಕ್ಕೆ ತರಬೇಕು. ಎದುರು ಸಾಲಿನ ಮುದ್ರಣದವರ ಯಂತ್ರ ಹಾಳೆಗಳನ್ನು ಮುಖ ಮೇಲಾಗಿ ಒಂದರ ಮೇಲೊಂದು ಉಗುಳುತ್ತದೆ. ಆದ್ದರಿಂದ ಕಟ್ಟು ನನ್ನ ಕೈಗೆ ಬರುವಾಗ ಕೊನೆಯ ಪುಟ ಮೇಲಿರುತ್ತದೆ, ಮೊದಲ ಪುಟ ಅಡಿಗಿರುತ್ತದೆ. ನಾನು ಹಾಳೆಗಳನ್ನು ಒಂದೊಂದಾಗಿ ಎತ್ತಿ ಪಕ್ಕದಲ್ಲಿಟ್ಟು ಕ್ರಮ ತಿರುಗಿಸಿಕೊಂಡು ಆಮೇಲೆ ಹೊಲಿಯುತ್ತೇನೆ. ಆವತ್ತೂ ಎರಡೂವರೆ ಗಂಟೆಗೆ ತಿರುಗಿಸಲು ಹೊರಟವನೇ, ಮೊಣಕೈ ತಾಗಿ ಕಟ್ಟು ಜಾರಿ ತೊಂಬತ್ತೇಳನೇ ಪುಟ ತೆರೆದುಕೊಂಡಾಗ, ನಮ್ಮ ಹುಡುಗಿ ಏನು ಬರೆದಿದ್ದಾಳೋ ನೋಡೋಣವೆಂಬ ಆಸೆಯಿಂದ, ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಓದಿಬಿಟ್ಟೆ.

ಸಮೀಕರಣಗಳ ಮಟ್ಟಿಗೆ ಒಂದು ಪ್ರತಿಕಣವನ್ನು, ಅಂದರೆ ಕಣದ ವಿರುದ್ಧ ಜೋಡಿಯನ್ನು, ಕಾಲದಲ್ಲಿ ಹಿಂದಕ್ಕೆ ಚಲಿಸುತ್ತಿರುವ ಕಣವೆಂದೇ ಬರೆಯಬಹುದು, ಅದಕ್ಕೆ ಗಣಿತದ ಅಡ್ಡಿಯಿಲ್ಲ ಎಂದು ಅಲ್ಲಿತ್ತು. ಓದಿದವನಿಗೆ ಮೈ ಜುಮ್ಮೆಂದಿತು. ಕಟ್ಟಿನ ಮೇಲ್ಗಡೆ ನೋಡಿದೆ: ಇನ್ನೂರ ಹದಿನಾಲ್ಕು, ಇನ್ನೂರ ಹದಿಮೂರು, ಇನ್ನೂರ ಹನ್ನೆರಡು ಎಂದು ಪುಟಗಳೆಲ್ಲ ತಮ್ಮಂತೆಯೇ ಹಿಂದಕ್ಕೆ ಹೊರಟು ನಿಂತಿವೆ! ಎಷ್ಟು ಜಾಣೆ, ವಿಷಯಕ್ಕೆ ತಕ್ಕಂತೆ ಪುಸ್ತಕವನ್ನೇ ಹಿಂದುಮುಂದು ಮಾಡಿಸುತ್ತಿದ್ದಾಳೆ, ಏನೂ ತಿಳಿಯದ ನಾನು ತಿರುಗಿಸಿ ಕೆಡಿಸುತ್ತಿದ್ದೆನಲ್ಲ ಎಂದು ಕೈಗೆ ನಾನೇ ಒಂದೇಟು ಕೊಟ್ಟುಕೊಂಡು, ಐದೂ ಪ್ರತಿಗಳನ್ನು ಇದ್ದ ಹಾಗೆಯೇ ಹೊಲಿದು, ಅಂಟು ಹಚ್ಚಿ, ಮೂರು ಬದಿ ಕತ್ತರಿಸಿ, ರಟ್ಟು ಹಾಕಿದೆ. ಅಷ್ಟು ಅಚ್ಚುಕಟ್ಟಾದ ಬೈಂಡಿಂಗ್ ನಾನು ಇದುವರೆಗೆ ಮಾಡಿರಲಿಲ್ಲ ಎಂಬುದನ್ನು ದುಃಖದಿಂದ ತಿಳಿಸುತ್ತೇನೆ.

ಇವತ್ತು ಹತ್ತು ಗಂಟೆಗೆ ಪ್ರಶ್ನೆಪತ್ರಿಕೆ ಬಂದಳು. ಬಂಗಾರದ ಅಕ್ಷರವನ್ನು ಬೆರಳಿಂದ ಸವರಿದಳು. ತೆರೆದಳು. ಮುಚ್ಚಿದಳು. ಬುಡಮೇಲಾಗಿ ಹಿಡಿದಿದ್ದೇನೋ ಎಂದು ತಿರುಗಿಸಿ ನೋಡಿದಳು. ನಾನು ಹಲ್ಲು ಬಿಟ್ಟುಕೊಂಡು ಶಹಬ್ಬಾಸ್‌ಗಿರಿಗಾಗಿ ಕಾಯುತ್ತಿದ್ದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. "ಪರವಾಗಿಲ್ಲ ಮಾಮ" ಎಂದು ಹೇಳಿ, ಏನಾದರೂ ದಾರಿ ಇದೆಯೇ ವಿಚಾರಿಸಿಕೊಂಡು ಬರುತ್ತೇನೆಂದು ಹೋದಳು. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಪ್ರಬಂಧ ಕಚೇರಿಗೆ ಸೇರಬೇಕು. ಸೇರದಿದ್ದರೆ ಆರು ತಿಂಗಳು ಕಾಯಬೇಕು, ಅಷ್ಟರಲ್ಲಿ ಒಂದು ಪ್ರಯೋಗಾಲಯದಲ್ಲಿ ಅವಳಿಗೆಂದು ಹಿಡಿದಿಟ್ಟ ಕೆಲಸ ಬೇರೆಯವರ ಪಾಲಾಗುತ್ತದೆ. ಹೊಸದಾಗಿ ಮುದ್ರಿಸೋಣವೆಂದರೆ ವಿಶ್ವವಿದ್ಯಾಲಯ ಕೇಳುವ ದಪ್ಪ ಕಾಗದ ತರಿಸಲು ಮೂರು ದಿನ ಬೇಕು. ನನ್ನ ಹೆಂಡತಿಯ ತೀರ್ಪು ಹೀಗಿದೆ: "ಮೂವತ್ತೊಂದು ವರ್ಷ ಓದದೆ ಕೆಲಸ ಮಾಡಿದ್ರಿ, ಎಲ್ಲ ಸರಿಯಾಗಿತ್ತು. ಒಂದೇ ಒಂದು ದಿನ ಓದಿದ್ರಿ ನೋಡಿ."

ಆದಕಾರಣ ಮಾನ್ಯರೇ, ತಮ್ಮಲ್ಲಿ ನನ್ನ ಬಿನ್ನಹ. ತಾವು ದಯಮಾಡಿ ಮೊನ್ನೆ ಮಂಗಳವಾರ ಎರಡೂವರೆ ಗಂಟೆಗೆ ಬಿಜಯಂಗೈದು, ನನ್ನ ಬಲಗೈಯನ್ನು ಒಂದು ಕ್ಷಣ ತಡೆಯಬೇಕು. ದೊಡ್ಡ ಶ್ರಮವೇನಲ್ಲ, ಮೂಗಿನೊಳಗೆ ಹೊಕ್ಕು ಒಂದು ಸೀನು ಬರಿಸಿದರೂ ಸಾಕು. ನಮ್ಮ ಪಕ್ಕದ ಬೀಗದವನು ನಾಳೆ ಬರುತ್ತೇನೆಂದು ಹೇಳಿ ಮುಂದಿನ ತಿಂಗಳು ಬರುವವನು. ತಾವಾದರೋ ಹೊರಡುವ ಮುಂಚೆಯೇ ತಲುಪಿರುವವರು. ಇಂಥ ಕರ್ತವ್ಯನಿಷ್ಠೆಯನ್ನು ಈ ಬೀದಿಯಲ್ಲಿ ಯಾರೂ ಕಂಡಿಲ್ಲ. ಹೇಗೂ ಅಷ್ಟು ದೂರ ಬಂದಿರುತ್ತೀರಿ, ಇನ್ನೂ ಸ್ವಲ್ಪ ಹಿಂದಕ್ಕೆ ಹೋಗುವ ಉತ್ಸಾಹವಿದ್ದರೆ, ಹನ್ನೆರಡು ವರ್ಷದ ಕೆಳಗೆ ನನ್ನ ನಾದಿನಿ ಹಾಡಿ ಮುಗಿಸಿದಾಗ ಇನ್ನೊಂದು ಹಾಡಿ ಎಂದ ನನ್ನ ಬಾಯಿಯನ್ನೂ ಮುಚ್ಚಿಸಿ ಬನ್ನಿ. ಅಂದಿನಿಂದ ಆಕೆ ನಿಲ್ಲಿಸಿಲ್ಲ. ಹಾಗೆಯೇ ನನ್ನ ಮದುವೆಯ ಫೋಟೋ ತೆಗೆಯುವಾಗ ಛಾಯಾಗ್ರಾಹಕನಿಗೆ ಒಂದು ಕ್ಷಣ ತಡೆಯಲು ಹೇಳಿದರೆ, ನಾನೂ ಕಣ್ಣು ತೆರೆದಿರುವ ಸಾಧ್ಯತೆ

(ಮೇಲಿನ ವಾಕ್ಯ ಅರ್ಧಕ್ಕೆ ನಿಂತಿರುವುದಕ್ಕೆ ಕ್ಷಮಿಸಬೇಕು. ಬಾಗಿಲು ತೆರೆದುಕೊಂಡಿತು, ನಾನು ಪೆನ್ನು ಕೆಳಗಿಟ್ಟೆ. ಈಗ ಶುಕ್ರವಾರ ಮಧ್ಯಾಹ್ನ ಮೂರು ಗಂಟೆ. ತಮ್ಮಂಥವರಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಇರಲಿಕ್ಕಿಲ್ಲ, ನಮಗೆ ಇತ್ತು.)

ಬಂದವಳು ಪ್ರಶ್ನೆಪತ್ರಿಕೆಯೇ. ಅಂಗಿಯ ತೋಳು ಮಡಿಸಿಕೊಂಡು, "ಮಾಮ, ಕತ್ತರಿಸಿ ಬಿಚ್ಚೋಣ. ಅಂಚು ಎಷ್ಟು ಉಳಿಯುತ್ತೆ?" ಎಂದಳು. ಬೆನ್ನನ್ನು ಕತ್ತರಿಸಿದರೆ ಪ್ರತಿ ಹಾಳೆಯ ಎಡಕ್ಕೆ ಅರ್ಧ ಬೆರಳಿನಷ್ಟು ಹೋಗುತ್ತದೆ, ಮತ್ತೆ ಹೊಲಿದಾಗ ಇನ್ನಷ್ಟು ಒಳಗೆ ಸೇರುತ್ತದೆ, ಅಕ್ಷರಕ್ಕೂ ಹೊಲಿಗೆಗೂ ನಡುವೆ ಒಂದು ದಾರದೆಳೆಯಷ್ಟು ಜಾಗ ಉಳಿದರೆ ಪುಣ್ಯ ಎಂದೆ. ತಮ್ಮ ವಿಚಾರವನ್ನೂ ನಾಚಿಕೆ ಬಿಟ್ಟು ಕೇಳಿದೆ. ಅವಳು ನಕ್ಕಳು. ಬರೆಯುವುದಕ್ಕೆ ಹಾಗೆ ಬರೆಯಬಹುದು ಮಾಮ, ಆದರೆ ಅದನ್ನು ಹಿಡಿದುಕೊಂಡು ನಿನ್ನೆಗೆ ಒಂದು ಮಾತೂ ಕಳಿಸೋಕಾಗಲ್ಲ, ಅದೇ ನನ್ನ ಕೊನೆಯ ಅಧ್ಯಾಯ, ನೀವು ಕಟ್ಟಿದ ಪುಸ್ತಕದಲ್ಲಿ ಅದೇ ಮೊದಲಿಗಿದೆಯಲ್ಲ, ಅದನ್ನಾದರೂ ಓದಬಾರದಿತ್ತೇ ಎಂದಳು. ಅಂದರೆ ಮಾನ್ಯರೇ, ತಮ್ಮ ಕೈಲಾಗುವುದಿಲ್ಲ ಎಂದು ನಾನೇ ಮೊದಲ ಅಧ್ಯಾಯವಾಗಿ ಹೊಲಿದಿಟ್ಟು, ಆಮೇಲೆ ತಮಗೇ ಅರ್ಜಿ ಬರೆಯುತ್ತ ಕೂತಿದ್ದೆ.

ಮೊದಲ ಪ್ರತಿಯನ್ನು ಕತ್ತರಿಸುವ ಯಂತ್ರದಡಿ ಇಟ್ಟೆ. ಅವಳು ಚಿಕ್ಕಂದಿನಲ್ಲಿ ಅಂಗಡಿಗೆ ಬಂದಾಗ ಮಾಡುತ್ತಿದ್ದಂತೆ ಮೇಜಿಗೆ ಗದ್ದ ಊರಿ, ಅಳತೆಪಟ್ಟಿ ಹಿಡಿದು, "ಇನ್ನೊಂದು ಕೂದಲು ಹಿಂದಕ್ಕೆ, ಮಾಮ" ಎಂದು ಹೇಳುತ್ತ ಹೋದಳು. ಅಲಗು ಇಳಿಯಿತು. ಅಕ್ಷರಕ್ಕೆ ತಾಗಲಿಲ್ಲ. ಆಮೇಲೆ ಇಬ್ಬರೂ ಎದುರುಬದುರು ಕೂತು, ಅವಳು ಹಾಳೆ ಎತ್ತಿ ಕೊಡುವುದು, ನಾನು ಪುಟದ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಕೆಳಗಿಡುವುದು. ಇನ್ನು ಮುಂದೆ ನನ್ನ ಕೈಯನ್ನು ನಾನೇ ನಂಬುವುದಿಲ್ಲವಾದ್ದರಿಂದ ಈ ವ್ಯವಸ್ಥೆ ನನ್ನದೇ ಸಲಹೆ. ನೂರು ಬಂತು, ಐವತ್ತು ಬಂತು, ಎರಡು ಬಂತು, ಒಂದು ಬಂತು. ಒಂದರ ಅಡಿಯಲ್ಲಿ ಸಂಖ್ಯೆಯಿಲ್ಲದ ಒಂದು ಹಾಳೆ ಉಳಿದಿತ್ತು. ಸಂಖ್ಯೆ ಹುಡುಕುತ್ತ ಹುಡುಕುತ್ತ ಅದರಲ್ಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿಬಿಟ್ಟೆ:

"ನನ್ನ ಹರಿದ ಪುಸ್ತಕಗಳನ್ನೆಲ್ಲ ಹೊಲಿದುಕೊಟ್ಟು ಓದಿಸಿದ ಸೋದರಮಾವನಿಗೆ ಅರ್ಪಣೆ. ಅವರು ಇದನ್ನು ಓದುವುದಿಲ್ಲವೆಂದು ನನಗೆ ಗೊತ್ತು."

ನನಗೆ ಅಳು ಬಂತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳು ಕಿವಿಯವರೆಗೂ ಕೆಂಪಾಗಿ, ಹಾಳೆ ಕಿತ್ತುಕೊಂಡು ಕಟ್ಟಿನ ಮೇಲಿಟ್ಟು, ಅಂಟು ಆರುತ್ತಿದೆ ಬೇಗ ಎಂದು ಗದರಿದಳು. ಇವತ್ತು ಹನ್ನೊಂದೂ ಮುಕ್ಕಾಲಿಗೆ ನಾಲ್ಕು ಪ್ರತಿಗಳು ಕಚೇರಿ ಸೇರಿದವು. ಬಿಸಿ ಅಂಟಿಗೆ ಪುಸ್ತಕದ ಬೆನ್ನು ಇನ್ನೂ ಸ್ವಲ್ಪ ಬೆಚ್ಚಗಿತ್ತಂತೆ. ಗುಮಾಸ್ತರು ಮುದ್ರೆ ಒತ್ತಿ ತೆಗೆದುಕೊಂಡರಂತೆ.

ಈಗ ನನ್ನ ಅರ್ಜಿಯ ವಿಚಾರ. ಮಂಗಳವಾರ ನಾನು ಎಂದಿನಂತೆ ಕ್ರಮ ತಿರುಗಿಸಿದ್ದರೆ ಆ ಸಂಖ್ಯೆಯಿಲ್ಲದ ಹಾಳೆಯೂ ಎಂದಿನಂತೆ ನನ್ನ ಕೈ ಮೇಲೆ ಹಾದುಹೋಗುತ್ತಿತ್ತು, ನಾನು ಎಂದಿನಂತೆ ಓದುತ್ತಿರಲಿಲ್ಲ, ಅವಳ ಮಾತು ನಿಜವಾಗಿ ಉಳಿದುಬಿಡುತ್ತಿತ್ತು. ಆದ್ದರಿಂದ ನನ್ನ ಬಿನ್ನಹವನ್ನು ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ತಾವು ಈಗಾಗಲೇ ಹೊರಟಿದ್ದರೆ ದಾರಿಯಲ್ಲೇ ನಿಲ್ಲಿ. ತಲುಪಿಬಿಟ್ಟಿದ್ದರೆ ಒಂದು ಮೂಲೆಯಲ್ಲಿ ಸುಮ್ಮನೆ ಕೂತು ನೋಡಿ, ನನ್ನ ಕೈಯನ್ನು ಮಾತ್ರ ಮುಟ್ಟಬೇಡಿ. ನಾದಿನಿಯ ಹಾಡಿನ ವಿಷಯ ಬೇಕಾದರೆ ಹಾಗೆಯೇ ಇರಲಿ.

ಅಂಟು ಒಣಗುವುದನ್ನೇ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಹಿಂಬಾಗಿಲೆದುರಿನ ಬೈಂಡರ್

ತಾ.ಕ.: ಐದನೇ ಪ್ರತಿಯನ್ನು ಬಿಚ್ಚಬೇಡಿ, ಹಾಗೆಯೇ ಇರಲಿ ಎಂದು ಪ್ರಶ್ನೆಪತ್ರಿಕೆ ಹೇಳಿದ್ದಾಳೆ. ಉತ್ತರದಿಂದ ಶುರುವಾಗಿ ಪ್ರಶ್ನೆಯಲ್ಲಿ ಮುಗಿಯುವ ಆ ಪುಸ್ತಕ ತಮ್ಮಂಥವರಿಗೆ ಓದಲು ಅನುಕೂಲವೆಂದು ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದೇನೆ, ಬಂದು ನೋಡಬಹುದು. ಸಂಜೆ ಆರಕ್ಕೆ ಸರಿಯಾಗಿ ಅಂಗಡಿ ಮುಚ್ಚುತ್ತೇನೆ. ತಾವು ಬರುವಷ್ಟರಲ್ಲಿ ಬಾಗಿಲು ಹಾಕಿದ್ದರೆ ಬೀಗ ಬಡಿಯುತ್ತ ನಿಲ್ಲಬೇಡಿ. ಹಾಗೆಯೇ ಹಿಂದಕ್ಕೆ ಹೋಗಿ ಐದೂವರೆಗೆ ಬನ್ನಿ. ತಮ್ಮ ಬಗ್ಗೆ ಕೇಳಿದ್ದರಲ್ಲಿ ಅಷ್ಟಾದರೂ ನಿಜವಿರಬೇಕಲ್ಲ.