ಇಪ್ಪತ್ತೆರಡು ಸಾವಿರದ ಗಾಳ

ಮಿರ್ಲೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಮಹೇಂದ್ರನಿಗೆ ಬಂದ ಪಾರ್ಸಲ್ಲು ಅವನಿಗಿಂತ ಉದ್ದವಿತ್ತು. ಅದರೊಳಗಿಂದ ಜಪಾನಿನ ಗಾಳದ ಕೋಲು, ಬೆಳ್ಳಿಯಂತೆ ಹೊಳೆಯುವ ರೀಲು, ಮದುವಣಗಿತ್ತಿಯ ಒಡವೆ ಪೆಟ್ಟಿಗೆಯಂಥ ಡಬ್ಬಿಯಲ್ಲಿ ಇಪ್ಪತ್ತು ಪ್ಲಾಸ್ಟಿಕ್ ಮೀನು, ಹದಿನಾಲ್ಕು ಜೇಬಿನ ಒಂದು ಅಂಗಿ ಹೊರಬಂದವು. ಎಲ್ಲ ಸೇರಿ ಇಪ್ಪತ್ತೆರಡು ಸಾವಿರ. ಪರದೇಶದವರು ಮೀನು ಹಿಡಿಯುವುದನ್ನು ಆರು ತಿಂಗಳು ಮೊಬೈಲಿನಲ್ಲಿ ನೋಡಿದ್ದ ಮಹೇಂದ್ರ, ತನಗೆ ಇದುವರೆಗೆ ಒಂದು ಮೀನೂ ಬೀಳದಿರುವುದಕ್ಕೆ ಒಳ್ಳೆಯ ಸಾಮಾನಿಲ್ಲದ್ದೇ ಕಾರಣವೆಂದು ತೀರ್ಮಾನಿಸಿಬಿಟ್ಟಿದ್ದ.

ಆ ಭಾನುವಾರ ಹಾರನಹಳ್ಳಿಯಿಂದ ಅವನ ಮಾವ ಊಟಕ್ಕೆ ಬರುವವರಿದ್ದರು. ಹೆಂಡತಿ ಸ್ಪಂದನಾ ಕೋಳಿ ತರಲೆಂದು ಚೀಲ ಕೊಟ್ಟರೆ ಅವನು ಅದನ್ನು ಮತ್ತೆ ಗೂಟಕ್ಕೇ ನೇತುಹಾಕಿದ.

“ಕೋಳಿ ಯಾಕೆ? ಮಸಾಲೆ ರುಬ್ಬಿಟ್ಟಿರು. ಮೀನು ನಾನು ತತ್ತೀನಿ.”

“ಸಿಗ್ದೆ ಓದ್ರೆ? ನಮ್ಮಪ್ಪಂಗೆ ಬರೀ ಮಸಾಲೆ ಬಡಿಸ್ಲಾ?”

“ಇಂಥ ಗಾಳಕ್ಕೆ ಸಿಗ್ದೆ ಓಯ್ತವಾ? ಕ್ಯೂ ನಿಂತ್ಕತ್ತವೆ ಕಣೇ!”

ಕೆರೆ ಏರಿಯ ಮೇಲೆ ಆಗಲೇ ಪಕ್ಕದ ಮನೆಯ ದೊಡ್ಡತಾಯಮ್ಮ ಕೂತಿದ್ದಳು. ಕೈಯಲ್ಲೊಂದು ಬಿದಿರು ಕಡ್ಡಿ, ಅದಕ್ಕೊಂದು ದಾರ, ತೆಂಗಿನ ಚಿಪ್ಪಿನಲ್ಲಿ ಎರೆಹುಳ. ಮುದುಕಿ ಮಹೇಂದ್ರನನ್ನು ಮೇಲಿಂದ ಕೆಳಗೆ ನೋಡಿದಳು.

“ಏನ್ಲಾ ಇದು, ಟಿವಿ ಆಂಟೆನಾನಾ?”

ಮಹೇಂದ್ರ ಮೊಬೈಲಿನಲ್ಲಿ ಕಂಡಂತೆ ಸೊಂಟ ತಿರುಗಿಸಿ ಬೀಸಿದ. ಪ್ಲಾಸ್ಟಿಕ್ ಮೀನು ಹೋಗಿ ಹೊಂಗೆ ಮರದಲ್ಲಿ ಕೂತಿತು. ಇನ್ನೊಂದು ಕಟ್ಟಿ ಬೀಸಿದ. ಅದು ಅವನ ಅಂಗಿಯ ಬೆನ್ನಿಗೇ ಸಿಕ್ಕಿಕೊಂಡಿತು. ಹದಿನಾಲ್ಕು ಜೇಬುಗಳಲ್ಲಿ ಒಂದೂ ಬೆನ್ನಿನ ಕಡೆ ಇರಲಿಲ್ಲವಾದ್ದರಿಂದ ಜೇಬೊಂದೂ ಹರಿಯಲಿಲ್ಲ. ಮೂರನೆಯದು ನೀರು ಕುಡಿಯಲು ಬಂದ ಎಮ್ಮೆಯ ಬಾಲದ ಕೂದಲಿಗೆ ಸುತ್ತಿಕೊಂಡಿತು. ಎಮ್ಮೆ ಓಡಿತು. ರೀಲು ಕಿರ್ರೆಂದು ಬಿಚ್ಚಿಕೊಂಡಿತು. ಕೋಲು ಹಿಡಿದ ಮಹೇಂದ್ರ ಎಮ್ಮೆಯ ಹಿಂದೆ ಓಡಿದ.

“ಅಂತೂ ಬಿತ್ತು ಕಣ್ಲಾ! ನಾಕು ಕಾಲಿಂದು!” ಎಂದು ದೊಡ್ಡತಾಯಮ್ಮ ಕೂಗಿದಳು.

ಹತ್ತು ಗಂಟೆಗೆ ಅವಳ ಚೀಲದಲ್ಲಿ ಒಂಬತ್ತು ಜಿಲೇಬಿ ಮೀನುಗಳಿದ್ದವು. ಮಹೇಂದ್ರನಲ್ಲಿ ಎಮ್ಮೆ ಬಾಲದ ನಾಲ್ಕು ಕೂದಲಿದ್ದವು.

“ಮೀನಿಗೆ ಅಸಿವಾಯ್ತದೆ ಕಣ್ಲಾ, ರೇಟು ಓದಕ್ಕೆ ಬರಾಕಿಲ್ಲ” ಎಂದಳು ಮುದುಕಿ, ಏಳುತ್ತಾ. “ಎರಡು ಕೊಡ್ಲಾ? ಸಾರಿಗಾಯ್ತದೆ.”

“ಬ್ಯಾಡಜ್ಜಿ. ದೊಡ್ಡದಕ್ಕೆ ಕಾಯ್ತಾ ಇದೀನಿ.”

ಅವಳು ಮರೆಯಾದ ಕೂಡಲೇ ಮಹೇಂದ್ರ ಬೈಕ್ ಹತ್ತಿ ಸಾಲಿಗ್ರಾಮದ ರಸ್ತೆ ಹಿಡಿದ. ಅಲ್ಲಿ ಫೋನ್ ನಂಬರು ಬರೆದ ಟಾರ್ಪಾಲಿನ ಕೆಳಗೆ ಯತೀಶ ಎಂಬವನು ಮೀನು ಮಾರುತ್ತಿದ್ದ. ಇದ್ದುದರಲ್ಲಿ ದೊಡ್ಡದು ನಾಲ್ಕು ಕೆಜಿಯ ಕಾಟ್ಲಾ.

“ಕಟ್ ಮಾಡ್ಲಾ ಅಣ್ಣ?”

“ಏಯ್, ಮುಟ್ಬ್ಯಾಡ! ಬಾಯಿ ನೆಟ್ಟಗಿರ್ಬೇಕು.”

ಕೆರೆಗೆ ವಾಪಸು ಬಂದು, ಸತ್ತ ಕಾಟ್ಲಾದ ಬಾಯಿಗೆ ಪ್ಲಾಸ್ಟಿಕ್ ಮೀನು ಸಿಕ್ಕಿಸಿ, ಮೇಲೆ ನೀರು ಚಿಮುಕಿಸಿ ಫೋಟೊ ತೆಗೆದ. ‘ನಮ್ಮೂರ ಕೆರೆ, ನನ್ನ ಗಾಳ’ ಎಂದು ಸ್ಟೇಟಸ್ ಹಾಕಿದ. ಮೀನನ್ನು ಬೈಕಿನ ಮುಂದೆ ನೇತುಹಾಕಿಕೊಂಡು, ಬೇಕೆಂದೇ ಎರಡು ಬೀದಿ ಹೆಚ್ಚಿಗೆ ಸುತ್ತಿ ಮನೆ ಸೇರಿದ.

ಬೀದಿಯೇ ಅವನ ಜಗಲಿಗೆ ಬಂತು. ನಿನ್ನೆಯವರೆಗೆ ದುಡ್ಡಿಗೆ ಬೆಂಕಿ ಇಟ್ಟ ಎಂದು ಆಡಿಕೊಂಡವರು ಇಂದು ಕೋಲನ್ನು ಸವರಿ ನೋಡಿದರು. ಮಾವ ಮೀನನ್ನು ಎತ್ತಿ ತೂಗಿ, “ನಮ್ ಅಳಿಯಂದಿರು ಅಂದ್ರೆ ಸುಮ್ನಾ!” ಎಂದರು. ಸ್ಪಂದನಾ ಕೂಡ ಗಂಡನ ಮುಖವನ್ನು ಮದುವೆಯಾದ ಹೊಸದರಲ್ಲಿನಂತೆ ನೋಡಿದಳು. ಮಹೇಂದ್ರ ಎರಡು ಮುದ್ದೆ ಹೆಚ್ಚಿಗೆ ಉಂಡ.

ಕೈ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಚಲುವಯ್ಯ ನಿಂತಿದ್ದರು. ಕೆರೆಯ ಮೀನಿನ ಟೆಂಡರು ಅವರದು.

“ಸ್ಟೇಟಸ್ ನೋಡ್ದೆ ಮಹೇಂದ್ರಪ್ಪ. ಫೋಟೊ ಸಂದಾಗದೆ. ಮೀನು ನಂದು.”

ಜಿಲೇಬಿ ಯಾರು ಬೇಕಾದರೂ ಹಿಡಿಯಲಿ, ಕಾಟ್ಲಾ ತಾವು ಮರಿ ತಂದು ಬಿಟ್ಟದ್ದು, ಅದನ್ನು ಹಿಡಿದವನು ಕಳ್ಳ ಎಂಬುದು ಚಲುವಯ್ಯನವರ ವಾದ. ಕಳ್ಳ ಎಂಬ ಮಾತು ಬೀದಿಗೆಲ್ಲ ಕೇಳಿಸಿತು. ಮಾವ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಮಹೇಂದ್ರನ ಉಬ್ಬಿದ ಎದೆ ಪಂಕ್ಚರಾದ ಟ್ಯೂಬಿನಂತೆ ಇಳಿಯಿತು.

“ನಾನು ಇಡೀಲಿಲ್ಲ ಚಲುವಯ್ಯನೋರೆ. ಅದು... ಅಂಗಡೀಲಿ ತಂದಿದ್ದು.”

ಜನ ಗೊಳ್ಳೆಂದು ನಕ್ಕರು.

“ಇಪ್ಪತ್ತೆರಡು ಸಾವ್ರದ ಗಾಳ ಮಡಿಕ್ಕಂಡು ಯಾವನಾದ್ರೂ ಅಂಗಡೀಲಿ ಮೀನು ತತ್ತಾನಾ?” ಎಂದರು ಚಲುವಯ್ಯ. “ಸುಳ್ಳೇಳಿದ್ರೂ ನಂಬಂಗೆ ಏಳಪ್ಪ.”

“ಅಜ್ಜಿ, ನೀನಾದ್ರೂ ಏಳು! ಬೆಳಿಗ್ಗೆ ನಂಗೇನಾದ್ರೂ ಸಿಕ್ತಾ?”

“ನಾನಿರೋಗಂಟ ಎಮ್ಮೆ ಒಂದೇ ಸಿಕ್ಕಿದ್ದು” ಎಂದಳು ಜನರ ನಡುವೆ ನಿಂತಿದ್ದ ದೊಡ್ಡತಾಯಮ್ಮ. “ನಾನು ಬಂದ್ಮೇಲೆ ಏನ್ ಇಡುದ್ನೋ ಯಾರು ಕಂಡ್ರು? ದೊಡ್ಡದಕ್ಕೆ ಕಾಯ್ತೀನಿ ಅಂದಿದ್ದ.”

ಮಹೇಂದ್ರ ಯತೀಶನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. “ಏಳು ಯತೀಶ, ಚಲುವಯ್ಯನೋರು ಇಲ್ಲೇ ಅವ್ರೆ. ಆ ಕಾಟ್ಲಾ ನೀನೇ ಕೊಟ್ಟಿದ್ದು ತಾನೆ?”

“ಯಾವ ಕಾಟ್ಲಾ? ನೀವು ಯಾರು ಅಂತ್ಲೇ ಗೊತ್ತಿಲ್ಲ ಕಣ್ರೀ” ಎಂದು ಯತೀಶ ಫೋನ್ ಇಟ್ಟುಬಿಟ್ಟ. ಮಹೇಂದ್ರ ಹಿತ್ತಲಿಗೆ ಹೋಗಿ ಮತ್ತೆ ಫೋನ್ ಮಾಡಿದಾಗ ಯತೀಶ ಪಿಸುಗುಟ್ಟಿದ: “ತಪ್ಪಾಯ್ತು ಅಣ್ಣ. ಅದು ನಿಮ್ ಕೆರೇದೇ. ನಾನೇ ಕದ್ದು ಬಲೆ ಬುಟ್ಟಿದ್ದೆ. ಅವ್ರ ಮುಂದೆ ಎಂಗ್ ಒಪ್ಕಳ್ಳಿ?” ಅಷ್ಟು ಹೇಳಿ ಫೋನನ್ನೇ ಆಫ್ ಮಾಡಿದ.

ಜಗಲಿಯಲ್ಲಿ ಪಂಚಾಯಿತಿ ಮುಗಿಯಿತು. ಮಹೇಂದ್ರ ಅದೇ ಮೀನಿಗೆ ಎರಡನೇ ಸಲ ದುಡ್ಡು ಕೊಟ್ಟ. ಇನ್ನು ಮುಂದೆ ಊರ ಕೆರೆಯಲ್ಲಿ ಬಿದಿರು ಕಡ್ಡಿಯ ಗಾಳಕ್ಕೆ ಅಡ್ಡಿಯಿಲ್ಲ, ಈ ಜಪಾನಿನ ಗಾಳ ಮಾತ್ರ ಕೂಡದು, ಬಿಟ್ಟರೆ ಕೆರೆಯನ್ನೇ ಬರಿದು ಮಾಡಿಬಿಡುತ್ತದೆ ಎಂದು ಚಲುವಯ್ಯ ಅಪ್ಪಣೆ ಮಾಡಿದರು. ಒಂದು ಕಪ್ಪೆಮರಿಯನ್ನೂ ಹಿಡಿಯದ ಗಾಳ ಹಾಗೆ ಬಹಿಷ್ಕಾರ ಹಾಕಿಸಿಕೊಂಡಿತು.

ಎಲ್ಲರೂ ಹೋದ ಮೇಲೆ ಮಾವ ಹತ್ತಿರ ಬಂದು ಅಳಿಯನ ಹೆಗಲ ಮೇಲೆ ಕೈ ಇಟ್ಟರು. ಬೈಗುಳಕ್ಕೆ ಸಿದ್ಧನಾಗಿ ಮಹೇಂದ್ರ ತಲೆ ತಗ್ಗಿಸಿದ.

“ಬೇಜಾರು ಮಾಡ್ಕಬ್ಯಾಡಿ ಅಳಿಯಂದಿರೇ. ಒಟ್ಟೆಕಿಚ್ಚಿನ ಜನ. ನಮ್ಮೂರಲ್ಲಿ ಟೆಂಡರು ಗಿಂಡರು ಏನೂ ಇಲ್ಲ. ಬರೋ ಭಾನ್ವಾರ ನಮ್ಮನೇಲಿ ಬೀಗರೂಟ, ಇನ್ನೂರು ಜನ ಬತ್ತಾರೆ. ಅಡುಗೆಯೋನ್ಗೆ ಈಗ್ಲೇ ಫೋನ್ ಮಾಡಿ ಕುರಿ ಬ್ಯಾಡ ಅಂತ ಏಳ್ಬುಟ್ಟೆ. ಮೀನು ನಮ್ಮ ಅಳಿಯಂದಿರೇ ತತ್ತಾರೆ ಅಂದೆ!”