ಹನ್ನೆರಡು ಟನ್ನಿನ ಮೇಲೆ ಐವತ್ತು ಕಿಲೋ

ನನ್ನನ್ನು ಸೋಮಾರಿ ಎನ್ನಿ, ಜಗಳಗಂಟ ಎನ್ನಿ, ಊಟಕ್ಕೆ ಕೂತರೆ ಏಳುವವನಲ್ಲ ಎನ್ನಿ, ನಕ್ಕು ಸುಮ್ಮನಾಗುತ್ತೇನೆ. ಸುಳ್ಳುಗಾರ ಎಂದರೆ ಮಾತ್ರ ನಾನು ಸುಮ್ಮನಿರುವವನಲ್ಲ. ಇದು ನನ್ನ ದೊಡ್ಡತನವೇನಲ್ಲ, ಅಮ್ಮ ಹಾಕಿದ ತಳಪಾಯ. ಮಂಗಳೂರಿನ ಕ್ರೈಸ್ತರ ಮನೆಯಲ್ಲಿ ಹುಟ್ಟಿದ ನನ್ನನ್ನು ಅವರು ಹದಿನೈದು ದಿನಕ್ಕೊಮ್ಮೆ ಇಗರ್ಜಿಗೆ ಪಾಪನಿವೇದನೆಗೆ ಅಟ್ಟುತ್ತಿದ್ದರು. ಎಷ್ಟು ಸಲ ಸುಳ್ಳು ಹೇಳಿದೆ, ಎಷ್ಟು ಸಲ ತಂಗಿಗೆ ಹೊಡೆದೆ ಎಂದು ಪಾದ್ರಿಗಳ ಮುಂದೆ ಎಣಿಸಿ ಒಪ್ಪಿಸಬೇಕು. ಎಣಿಕೆ ಮರೆತರೆ? ಅದಕ್ಕೂ ಅಮ್ಮನ ಬಳಿ ಸೂತ್ರವಿತ್ತು. "ನೆನಪಿಲ್ಲಾಂತಾದ್ರೆ ಒಂದೆರಡು ಜಾಸ್ತಿಯೇ ಹೇಳು ಮಾರಾಯ. ಕಡಿಮೆ ಹೇಳಿದ್ರೆ ಅದು ಬೇರೆ ಪಾಪ!" ಹೀಗೆ ಏಳು ಸುಳ್ಳಿಗೆ ಹತ್ತು ಎಂದು ಒಪ್ಪಿಸಿ, ಮಾಡದ ಮೂರು ಪಾಪಗಳಿಗೂ ಮಂಡಿಯೂರಿ ಪ್ರಾರ್ಥನೆ ಹೇಳಿ ಬೆಳೆದವನು ನಾನು.

ಈ ಸೂತ್ರವನ್ನು ಕಟ್ಟಿಕೊಂಡೇ ಮಲೇಷ್ಯಾಕ್ಕೆ ಬಂದೆ. ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ ಒಂದು ಕೆಫೆಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ತೋಟದ ಬೆಳೆಗಳನ್ನು ಲಾರಿಯಲ್ಲಿ ಸಾಗಿಸುವುದು ಕಂಪನಿಯ ಕಸುಬು, ಮಿಸ್ಟರ್ ಲಿಮ್ ಅದರ ಮಾಲೀಕರು. ನನ್ನ ವಿಸಿಟಿಂಗ್ ಕಾರ್ಡಿನಲ್ಲಿ ‘ಕಂಪ್ಲಯನ್ಸ್ ಮ್ಯಾನೇಜರ್’ ಎಂದಿದೆ. ಊರಿನ ನೆಂಟರು ಅದನ್ನು ನೋಡಿ ಇವನ ಕೈಕೆಳಗೆ ನೂರು ಜನ ಇದ್ದಾರೆಂದು ತಿಳಿದುಕೊಂಡಿದ್ದಾರೆ. ನಿಜವಾಗಿ ನನ್ನ ಕೈಕೆಳಗೆ ಇರುವುದು ಒಂದು ಸ್ಟೇಪ್ಲರ್. ಭಾರ ಹೆಚ್ಚಿರುವ ಲಾರಿಗಳಿಗೆ ಊರೂರಿನ ಪುರಸಭೆಗಳಿಂದ ಪರ್ಮಿಟ್ ಮಾಡಿಸಿಕೊಂಡು ಬರುವುದು, ಆ ಲಾರಿ ಸೇತುವೆ ದಾಟುವಾಗ ಕಂಪನಿಯ ಪರವಾಗಿ ಅದರಲ್ಲಿ ಕೂತಿರುವುದು, ಇಷ್ಟೇ ನನ್ನ ಮ್ಯಾನೇಜರಿಕೆ.

ದಕ್ಷಿಣಕ್ಕೆ, ಜೊಹೋರ್ ಕಡೆ, ಜೌಗು ನೆಲದಲ್ಲಿ ಅನಾನಸ್ ಬೆಳೆಯುತ್ತಾರೆ. ಅಲ್ಲಿನ ಒಂದು ತೋಟದಿಂದ ಹೆದ್ದಾರಿಗೆ ಬರಬೇಕಾದರೆ ನಡುವೆ ಸಣ್ಣದೊಂದು ಸೇತುವೆ. ಮಾಮೂಲಿ ಲಾರಿಗೆ ಹತ್ತು ಟನ್ ಮಿತಿ. ತೋಟದ ಬೆಳೆಯಾದರೆ ಪುರಸಭೆ ಹನ್ನೆರಡು ಟನ್ನಿನ ತನಕ ಪರ್ಮಿಟ್ ಕೊಡುತ್ತದೆ, ಅದರ ಮೇಲೆ ಒಂದು ಕಿಲೋ ಕೂಡ ಇಲ್ಲ. ಲಾರಿ, ಹಣ್ಣು, ಡ್ರೈವರ್, ಸಹಾಯಕ, ಎಲ್ಲರ ತೂಕವನ್ನೂ ಫಾರಮ್ಮಿನಲ್ಲಿ ತುಂಬಿ ಕೂಡಿಸಬೇಕು. ನನಗಿಂತ ಮೊದಲು ಈ ಕೆಲಸದಲ್ಲಿದ್ದ ಮಹಾನುಭಾವ ಎಲ್ಲ ಲಾರಿಗೂ ಕಣ್ಣು ಮುಚ್ಚಿ ‘ಹನ್ನೊಂದು ಟನ್ ಒಂಬೈನೂರು’ ಎಂದು ಬರೆದು ನಿವೃತ್ತನಾಗಿ ಸುಖವಾಗಿದ್ದಾನೆ.

ಆ ವರ್ಷ ಚೀನೀ ಹೊಸ ವರ್ಷಕ್ಕೆ ಐದು ದಿನ ಉಳಿದಿತ್ತು. ಹಬ್ಬಕ್ಕೆ ಚೀನೀಯರು ಮನೆಬಾಗಿಲಲ್ಲಿ ಅನಾನಸ್ ಇಡುತ್ತಾರೆ, ಅದು ಅದೃಷ್ಟ ತರುತ್ತದೆ ಎಂಬ ನಂಬಿಕೆ. ಹಬ್ಬದ ಹಿಂದಿನ ದಿನದ ತನಕ ಅದು ಅದೃಷ್ಟ, ಮರುದಿನದಿಂದ ಬರೀ ಹಣ್ಣು. ತೋಟದ ಒಡೆಯ ಪಾಕ್ ಸಮದ್ ಎಂಬ ಅರವತ್ತು ದಾಟಿದ ಮಲಯ್ ರೈತ, ಹಬ್ಬಕ್ಕೆಂದೇ ಹೊಂಚಿ ಬೆಳೆಸಿ, ಜುಟ್ಟು ಮುರಿಯದ ಹಾಗೆ ಒಂದೊಂದೇ ಹಣ್ಣನ್ನು ಮಗುವಿನಂತೆ ಎತ್ತಿ ಲಾರಿಗೆ ಪೇರಿಸಿದ್ದರು. ವರ್ಷದ ದುಡಿಮೆ ಆ ಒಂದು ಲಾರಿಯಲ್ಲಿತ್ತು.

ನಾನು ಫಾರಮ್ ತುಂಬಲು ಕೂತೆ. ಲಾರಿಯ ತೂಕ ಹಳೇ ಪುಸ್ತಕದಲ್ಲಿತ್ತು, ಟಾರ್ಪಾಲು ಆಮೇಲೆ ಬಂದದ್ದಲ್ಲವೇ ಎಂದು ಸ್ವಲ್ಪ ಸೇರಿಸಿದೆ. ಹಣ್ಣಿನ ಅಂದಾಜಿಗೆ ಜುಟ್ಟಿನ ತೂಕ ಸೇರಿಸಿದೆ. ಡ್ರೈವರ್ ಮುನಿಯಾಂಡಿ ಬೆಳಿಗ್ಗೆ ಮಾಮಾಕ್ ಎಂಬ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ನಾಲ್ಕು ರೋಟಿ ಚನಾಯ್ ಬಾರಿಸಿದ್ದನ್ನು ಕಣ್ಣಾರೆ ಕಂಡಿದ್ದೆ, ಅದಕ್ಕೂ ಒಂದು ಕಿಲೋ. ಸಂಶಯ ಬಂದಲ್ಲೆಲ್ಲ ಜಾಸ್ತಿಯೇ ಬರೆದೆ, ಅಮ್ಮನ ಸೂತ್ರ. ಕೊನೆಯ ಕಾಲಂ ಸಹಾಯಕನ ತೂಕ, ಅಂದರೆ ನನ್ನದು. ಅಲ್ಲಿ ಸಂಶಯವೇ ಇರಲಿಲ್ಲ. ತನ್ನ ತೂಕ ತನಗೆ ಗೊತ್ತಿರುವುದಿಲ್ಲವೇ? ಎಪ್ಪತ್ತೈದು ಎಂದು ಬರೆದು ಕೂಡಿಸಿದೆ. ಹನ್ನೆರಡು ಟನ್ನಿನ ಮೇಲೆ ಐವತ್ತು ಕಿಲೋ ಬಂತು.

ಪುರಸಭೆಯ ಕೌಂಟರಿನಲ್ಲಿ ಪುವಾನ್ ರೊಹಾನಿ. ಮುಖದಲ್ಲಿ ನಗು, ಕೈಯಲ್ಲಿ ಕೆಂಪು ಪೆನ್ನು. ಅಲ್ಲಿನ ಮಾತೆಲ್ಲ ಮಲಯ್, ಇಂಗ್ಲಿಷ್, ತಮಿಳು ಕಲಸಿದ್ದು, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ; ಪುವಾನ್ ಎಂದರೆ ಶ್ರೀಮತಿ, ಎನ್ಚಿಕ್ ಎಂದರೆ ಶ್ರೀಯುತ, ಪಾಕ್ ಎಂದರೆ ಹಿರಿಯರಿಗೆ ಅಪ್ಪ, ಮಾತಿನ ಕೊನೆಯ ‘ಲಾ’ ಬರೀ ಒಗ್ಗರಣೆ. "ಐವತ್ತು ಹೆಚ್ಚಿದೆ ಲಾ, ಎನ್ಚಿಕ್ ವಿಲ್ಲಿ. ಹೊಡೆದುಹಾಕಿ ಕಮ್ಮಿ ಬರೆದು ಒಂದು ಸೈನ್ ಹಾಕಿ, ಈಗಲೇ ಕೊಡ್ತೇನೆ" ಎಂದು ಪೆನ್ನನ್ನು ನನ್ನ ಕಡೆ ತಳ್ಳಿದರು. ಎಷ್ಟು ಒಳ್ಳೆಯ ಹೆಂಗಸು! ಬೇರೆ ಯಾರಾದರೂ ಆ ಪೆನ್ನಿಗೆ ಕೈಮುಗಿಯುತ್ತಿದ್ದರು. ನನಗೆ ಮಾತ್ರ ಮೈ ಉರಿಯಿತು. ಕಮ್ಮಿ ಬರೆಯಬೇಕೇ? ಹಾಗಾದರೆ ಮೊದಲು ಬರೆದದ್ದು ಸುಳ್ಳೇ? "ಮೇಡಂ, ನಾನು ಕಮ್ಮಿ ಬರೆಯುವ ಜಾತಿಯಲ್ಲ" ಎಂದು ಎದೆಯುಬ್ಬಿಸಿ, ಪೆನ್ನನ್ನು ವಾಪಸ್ ತಳ್ಳಿ ಹೊರಗೆ ಬಂದೆ.

ಮಿಸ್ಟರ್ ಲಿಮ್ ಫೋನಿನಲ್ಲಿ, "ವಿಲ್ಲಿ, ಕೌಂಟರಿನಲ್ಲಿ ಯುದ್ಧ ಬೇಡ ಲಾ. ಐವತ್ತು ಕಿಲೋ ಹಣ್ಣು ಇಳಿಸಿಬಿಡು" ಎಂದರು. ತೋಟದಲ್ಲಿ ಪಾಕ್ ಸಮದ್ ಕೂಡ ಒಪ್ಪಿ ಲಾರಿ ಹತ್ತಿದ್ದರು. ನಾನು ಅವರ ಕೈ ಹಿಡಿದೆ. ಕಾಗದದ ಮೇಲಿನ ತೂಕಕ್ಕೆ ನಿಜವಾದ ಹಣ್ಣು ಯಾಕೆ ಇಳಿಯಬೇಕು? ಒಂದು ಹಣ್ಣೂ ಇಳಿಯಕೂಡದು ಎಂದೆ. ಆ ಮುದುಕರು ಲಾರಿಯ ನೆರಳಲ್ಲಿ ಕೂತು ಹಣ್ಣಿನ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. ಎರಡರಲ್ಲಿ ಯಾವುದು ಬೇಗ ಕೊಳೆಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದರೋ ಏನೋ. ನನಗೆ ಅವರನ್ನು ಕಂಡು ನಿಜಕ್ಕೂ ಸಂಕಟವಾಯಿತು. ಆದರೆ ಹಠ ಅನ್ನುವುದು ಹತ್ತುವಾಗ ಸುಲಭ, ಇಳಿಯುವಾಗಲೇ ಕಷ್ಟ.

ಆ ರಾತ್ರಿ ಮನೆಯಲ್ಲಿ ಹೆಂಡತಿ ಜೆಸಿಂತಾ, ಬೆಂಗಳೂರಿನವಳು, ನ್ಯಾಯವನ್ನು ಎರಡೇ ಮಾತಿನಲ್ಲಿ ಮುಗಿಸುವವಳು. "ರೀ, ಸುಮ್ನೆ ಬರ್ದು ಕೊಡ್ಬಾರ್ದಾ? ಐವತ್ತು ಕಿಲೋಗೆ ಯಾಕ್ರೀ ಇಷ್ಟು ಡ್ರಾಮಾ? ಅಷ್ಟು ಸತ್ಯ ಇದ್ರೆ ನಮ್ಮನೆ ಬಾತ್‌ರೂಮ್ ಸ್ಕೇಲಿಗೆ ಮೊದ್ಲು ಬ್ಯಾಟರಿ ಹಾಕಿ." ಅಸಂಬದ್ಧ ಮಾತು. ಆ ಸ್ಕೇಲಿನ ಬ್ಯಾಟರಿಯನ್ನು ನಾನು ಟಿವಿ ರಿಮೋಟಿಗೆ ಹಾಕಿ ಎಷ್ಟೋ ಕಾಲವಾಯಿತು. ಈ ಮನೆಯಲ್ಲಿ ರಿಮೋಟಿನ ಅಗತ್ಯ ಹೆಚ್ಚು. ನಾನು ಫಾರಮ್ಮಿನ ಹಿಂಬದಿಯನ್ನು ಓದತೊಡಗಿದೆ. ಇರುವೆಯಷ್ಟು ಚಿಕ್ಕ ಅಕ್ಷರ. ಅಲ್ಲಿತ್ತು ನೋಡಿ: ಬರೆದ ತೂಕದ ಬಗ್ಗೆ ತಕರಾರಿದ್ದರೆ ಅಧಿಕಾರಿಯ ಎದುರಿನಲ್ಲೇ ವೇಬ್ರಿಡ್ಜ್ ಮೇಲೆ ತೂಗಿಸಿ, ಅದೇ ತೂಕದ ಮೇಲೆ ಪರ್ಮಿಟ್ ಪಡೆಯಬಹುದು. ಬಹುಶಃ ಆ ಸಾಲನ್ನು ಓದಿದ ಮೊದಲ ಮನುಷ್ಯ ನಾನೇ.

ಮರುದಿನ ಪುವಾನ್ ರೊಹಾನಿ ಆ ಸಾಲನ್ನು ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು, ಕೊಡೆ ಹಿಡಿದು ಹೊರಟರು. ಸೇತುವೆಯ ಈಚೆಗೇ ಇರುವ ತಾಳೆ ಎಣ್ಣೆ ಮಿಲ್ಲಿನಲ್ಲಿ ಲಾರಿ ಸಮೇತ ತೂಗುವ ವೇಬ್ರಿಡ್ಜ್ ಇತ್ತು. ಸುದ್ದಿ ಹಬ್ಬಿ ಮಿಲ್ಲಿನ ಜನವೆಲ್ಲ ಸುತ್ತ ನಿಂತರು. ಮುನಿಯಾಂಡಿ ಲಾರಿ ಏರಿಸಿದ, ಪಕ್ಕದಲ್ಲಿ ನಾನು ದಂಡಯಾತ್ರೆ ಹೊರಟ ರಾಜನಂತೆ ಕೂತಿದ್ದೆ. ಗಾಜಿನ ಕೋಣೆಯಿಂದ ಚೀಟಿ ಬಂತು. ಹನ್ನೆರಡು ಟನ್ನಿನ ಮೇಲೆ ಹತ್ತು ಕಿಲೋ.

"ಸಾಧ್ಯವಿಲ್ಲ! ನಾನು ಎಲ್ಲವನ್ನೂ ಜಾಸ್ತಿಯೇ ಬರೆದದ್ದು. ನಿಜವಾದ ತೂಕ ಹನ್ನೆರಡರ ಒಳಗೇ ಬರಬೇಕು. ಈ ಯಂತ್ರವೇ ಕೆಟ್ಟಿದೆ" ಎಂದು ಕಿರುಚಿದೆ. ಪಾಕ್ ಸಮದ್ ಮೆಲ್ಲನೆ ಬಂದು, "ಐದಾರು ಹಣ್ಣು ಇಳಿಸೋಣ ಮಗಾ, ಸಾಕು" ಎಂದು ಬೇಡಿಕೊಂಡರು. "ಒಂದೂ ಇಲ್ಲ ಪಾಕ್!" ಎಂದೆ. ಪುವಾನ್ ರೊಹಾನಿ ಮಾತ್ರ ಫಾರಮ್ಮನ್ನೂ ನನ್ನನ್ನೂ ಮೇಲಿಂದ ಕೆಳಗಿನ ತನಕ ನೋಡಿದರು. ಆಮೇಲೆ ಮೃದುವಾಗಿ, "ಎನ್ಚಿಕ್ ವಿಲ್ಲಿ, ನೀವು ಸ್ವಲ್ಪ ಕೆಳಗೆ ಇಳೀತೀರಾ?" ಎಂದರು.

ಇಳಿದೆ. ಇಳಿಯುವಾಗ ಲಾರಿಯ ಸ್ಪ್ರಿಂಗ್ ಹಾಯಾಗಿ ಉಸಿರು ಬಿಟ್ಟ ಸದ್ದು ನನಗೂ ಕೇಳಿಸಿತು. ಎರಡನೇ ಚೀಟಿ ಬಂತು. ಹನ್ನೊಂದು ಟನ್ ಒಂಬೈನೂರ ಹತ್ತು. ಪುವಾನ್ ಎರಡೂ ಚೀಟಿಗಳನ್ನು ಪಕ್ಕಪಕ್ಕ ಹಿಡಿದು, ಒಂದರಿಂದ ಇನ್ನೊಂದನ್ನು ಕಳೆದು, ಎಲ್ಲರಿಗೂ ಕೇಳಿಸುವಂತೆ ಹೇಳಿದರು: "ನೂರು. ಫಾರಮ್ಮಿನಲ್ಲಿ ಎಪ್ಪತ್ತೈದು ಇದೆ. ಇಪ್ಪತ್ತೈದು ಕಿಲೋ ಎಲ್ಲಿ ಹೋಯಿತು ಲಾ?" ಮುನಿಯಾಂಡಿ ಸ್ಟೀರಿಂಗ್ ಮೇಲೆ ತಲೆ ಇಟ್ಟು ನಗುತ್ತಿದ್ದ. ಎಪ್ಪತ್ತೈದು ಸುಳ್ಳಲ್ಲ ಸ್ವಾಮಿ, ಅದು ನನ್ನ ಮದುವೆಯ ದಿನದ ತೂಕ. ಆಮೇಲೆ ಯಾರೂ ಕೇಳಿರಲಿಲ್ಲ, ನಾನೂ ನೋಡಿರಲಿಲ್ಲ. ಆದರೆ ಹಣ್ಣು ತುಂಬಿದ ಲಾರಿಯೆದುರು, ಅಷ್ಟು ಜನರ ನಡುವೆ, ಇದನ್ನು ವಿವರಿಸುವುದು ಹೇಗೆ?

ಪರ್ಮಿಟ್ ಅಲ್ಲೇ ಕೈಗೆ ಬಂತು. ಅದರ ಕೆಳಗೆ ಪುವಾನ್ ತಮ್ಮ ಕೆಂಪು ಪೆನ್ನಿನಿಂದ ಒಂದು ಷರತ್ತು ಸೇರಿಸಿ ಮೊಹರು ಒತ್ತಿದ್ದರು: ‘ಸಹಾಯಕರು ಸೇತುವೆಯನ್ನು ನಡೆದೇ ದಾಟತಕ್ಕದ್ದು.’ ದಾಟಿದೆ. ಮುಂದೆ ಕೆಂಪು ಬಾವುಟ ಹಿಡಿದು ನಾನು, ಹಿಂದೆ ಒಂದು ಹಣ್ಣೂ ಇಳಿಸದ ಲಾರಿ. ಪಾಕ್ ಸಮದ್ ಆಚೆ ದಡದಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಮೀಸೆಯಡಿ ನಗುವೂ ಇತ್ತು. ಹಬ್ಬಕ್ಕೆ ಮೂರು ದಿನ ಇರುವಾಗಲೇ ಹಣ್ಣು ಮಾರುಕಟ್ಟೆ ತಲುಪಿತು. ಹಾಗಾಗಿ ಗೆದ್ದದ್ದು ನಾನೇ ಎಂದು ಈಗಲೂ ವಾದಿಸುತ್ತೇನೆ. ಮುನಿಯಾಂಡಿ ಆ ಪರ್ಮಿಟ್ಟಿನ ಫೋಟೋವನ್ನು ಆಫೀಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದ, ಅಲ್ಲಿಂದ ಅದು ಜೆಸಿಂತಾಳ ಫೋನಿಗೆ ಹೇಗೆ ಬಂತೋ ದೇವರೇ ಬಲ್ಲ. ಈಗ ಅದು ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ, ಸ್ಕೇಲಿಗೆ ಹೊಸ ಬ್ಯಾಟರಿಯೂ ಬಂದಿದೆ.

ಆ ಭಾನುವಾರ ಪಾಪನಿವೇದನೆಗೆ ಹೋದೆ. ಎಷ್ಟೋ ವರ್ಷಗಳ ನಂತರ ಖಚಿತವಾಗಿ ಎಣಿಸಬಲ್ಲ ಪಾಪ ಸಿಕ್ಕಿತ್ತು. ಒಂದು ಸುಳ್ಳು ಬರೆದೆ ಫಾದರ್, ಸರಕಾರಿ ಕಾಗದದಲ್ಲಿ, ಎಂದೆ. ಜಾಲರಿಯ ಆಚೆಯಿಂದ ಫಾದರ್ ಗಾಬರಿಯಿಂದ ಕೇಳಿದರು, "ಎಷ್ಟು ದೊಡ್ಡ ಸುಳ್ಳು?"

ಅಮ್ಮನನ್ನು ನೆನೆದು, ಎದೆಯ ಮೇಲೆ ಕೈಯಿಟ್ಟು ಹೇಳಿದೆ: "ಇಪ್ಪತ್ತು ಕಿಲೋ, ಫಾದರ್."