ಕಿಟಕಿ ಪಕ್ಕದ ಮೇಜು

ಎಸ್ಬೆನ್ ಕೋಫೋಡನಿಗೆ ಮಕ್ಕಳಿರಲಿಲ್ಲ. ನಲವತ್ತು ದಾಟಿತ್ತು, ಕನ್ನಡಕದ ಅಂಗಡಿಯಲ್ಲಿ ಕೆಲಸವಿತ್ತು, ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆಯಿತ್ತು, ಆಗಾಗ ಬೆನ್ನುನೋವೂ ಇತ್ತು. ಮಕ್ಕಳು ಮಾತ್ರ ಇರಲಿಲ್ಲ. ಈ ಕೊರತೆಯಿಂದ ಅವನಿಗಾಗಲಿ ಕೊಪೆನ್‌ಹೇಗನ್ ಊರಿಗಾಗಲಿ ಅಲ್ಲಿಯವರೆಗೆ ಏನೂ ತೊಂದರೆಯಾಗಿರಲಿಲ್ಲ. ಮಾರ್ಚ್ ತಿಂಗಳ ಒಂದು ಭಾನುವಾರ ಬಿರ್ತೆಯ ಕಾಫೆಯಲ್ಲಿ ಕಿಟಕಿ ಪಕ್ಕದ ಮೇಜು ಬೇಕಾದಾಗ ತೊಂದರೆಯಾಯಿತು.

ಮೇಜು ಬೇಕಾಗಿದ್ದು ರಿಕ್ಕೆಗೋಸ್ಕರ. ಆಕೆ ಮನೆಮನೆಗೆ ಹೋಗಿ ಪಿಯಾನೊಗಳ ಶ್ರುತಿ ಸರಿಮಾಡುವವಳು. ಕನ್ನಡಕ ಮಾಡಿಸಿಕೊಳ್ಳಲು ಬಂದವಳನ್ನು ಎಸ್ಬೆನ್ ಅಗತ್ಯಕ್ಕಿಂತ ನಾಲ್ಕು ಸಲ ಹೆಚ್ಚಾಗಿ ಕರೆಸಿ ಫ್ರೇಮು ಸರಿಮಾಡಿಕೊಟ್ಟಿದ್ದ. ಆಮೇಲೆ ಇಬ್ಬರೂ ಕೆಲವು ಸಂಜೆ ಕೆರೆಯ ಸುತ್ತ ನಡೆದಿದ್ದರು. ಗುರುವಾರ ಅವಳೇ ಫೋನು ಮಾಡಿದಳು. ಭಾನುವಾರ ಹನ್ನೊಂದಕ್ಕೆ ಬಿರ್ತೆಯ ಕಾಫೆಗೆ ಬಾ, ಕಿಟಕಿ ಪಕ್ಕದ ಮೇಜು ಹಿಡಿ, ಹಿಂದಿನ ಕತ್ತಲಲ್ಲಿ ಕೂತು ನನಗೆ ಮಾತಾಡೋಕಾಗಲ್ಲ ಅಂದಳು.

"ನಿನ್ನ ಹತ್ರ ಒಂದು ಮಾತು ಹೇಳೋದಿದೆ, ಎಸ್ಬೆನ್. ಅದಕ್ಕೆ ನೀನು ಒಪ್ಪಿದ್ರೆ ಮುಂದಿನ ವಿಚಾರ. ಇಲ್ಲದಿದ್ರೆ ಇಲ್ಲಿಗೇ ಸಾಕು."

ಎಂಥ ಮಾತಾದರೂ ಒಪ್ಪಲು ಎಸ್ಬೆನ್ ಫೋನು ಇಡುವ ಮೊದಲೇ ತಯಾರಾಗಿದ್ದ. ಕಷ್ಟವಿದ್ದದ್ದು ಮೇಜಿನದು. ಭಾನುವಾರ ಬಿರ್ತೆ ಕಿಟಕಿಯ ಮೇಜುಗಳನ್ನು ಮಗುವಿನ ಗಾಡಿ ತಂದವರಿಗೆ ಬಿಟ್ಟು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಕೂಸುಗಳು ಹೊರಗೆ ಫುಟ್‌ಪಾತಿನ ಮೇಲೆ, ಚಳಿಗಾಳಿಯಲ್ಲಿ, ಗಾಡಿಯೊಳಗೆ ಬೆಚ್ಚಗೆ ನಿದ್ದೆ ಮಾಡಬೇಕು. ಹೆತ್ತವರು ಒಳಗೆ ಕಾಫಿ ಕುಡಿಯುತ್ತ ಗಾಜಿನಿಂದ ಒಂದು ಕಣ್ಣಿಟ್ಟಿರಬೇಕು. ಊರಿನ ಪದ್ಧತಿಯೇ ಅದು. ಮಿಕ್ಕವರಿಗೆಲ್ಲ ಹಿಂದೆ, ಪಾಯಿಖಾನೆಯ ಬಾಗಿಲ ಎದುರು ಜಾಗ. ಹೋದ ವಾರ ಕಾಲು ಮುರಿದುಕೊಂಡ ಪ್ರೊಫೆಸರೊಬ್ಬರು ಊರುಗೋಲು ತೋರಿಸಿ ಕೇಳಿದರೂ ಬಿರ್ತೆ ಅವರನ್ನು ಹಿಂದಕ್ಕೇ ಅಟ್ಟಿದ್ದಳು.

ಎಸ್ಬೆನ್ ಶುಕ್ರವಾರವೆಲ್ಲ ಯೋಚಿಸಿದ. ಎರಡು ದಿನದಲ್ಲಿ ಮಗು ಆಗುವುದು ಸಾಧ್ಯವಿರಲಿಲ್ಲ. ಗಾಡಿ ಸಾಧ್ಯವಿತ್ತು.

ಕೆಳಮನೆಯ ಬ್ರೂನ್ ಅಜ್ಜಿಯ ಮೊಮ್ಮಗ ಈಗ ಶಾಲೆಗೆ ಹೋಗುತ್ತಿದ್ದ. ಅವನ ಹಳೇ ಗಾಡಿ ನೆಲಮಾಳಿಗೆಯಲ್ಲಿ ಸೈಕಲ್ಲುಗಳ ನಡುವೆ ಧೂಳು ತಿನ್ನುತ್ತಿತ್ತು. ಯಾತಕ್ಕೆ ಅಂತ ಅಜ್ಜಿ ಕೇಳಿದಾಗ, ಖಾಲಿ ಬಾಟಲಿಗಳನ್ನು ಅಂಗಡಿಗೆ ವಾಪಸು ಕೊಡಬೇಕು ಅಂದ.

"ಗಾಡಿ ತುಂಬ ಕುಡೀತೀಯೇನೋ ಮಗಾ? ನೋಡಿದ್ರೆ ಹಾಗೆ ಕಾಣಲ್ಲ."

"ಸ್ವಲ್ಪ ಜಾಸ್ತಿ ಆಗಿದೆ ಅಜ್ಜಿ," ಅಂದ ಎಸ್ಬೆನ್. ಅಜ್ಜಿ ಗಾಡಿಯ ಜೊತೆಗೆ ಕುಡಿತ ಬಿಡಿಸುವ ಒಬ್ಬ ಪಾದ್ರಿಯ ವಿಳಾಸವನ್ನೂ ಕೊಟ್ಟಳು.

ಖಾಲಿ ಗಾಡಿ ಕಲ್ಲುಹಾಸಿನ ಮೇಲೆ ತಗಡಿನ ಡಬ್ಬದ ಹಾಗೆ ಕುಣಿಯುತ್ತದೆ. ಬಿರ್ತೆಯ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ. ಹಾಗಾಗಿ ಎಸ್ಬೆನ್ ಬೇಕರಿಯಿಂದ ಒಂದು ಇಡೀ ರೈ ಬ್ರೆಡ್ಡು ತಂದ. ಮೂರು ಕಿಲೋ ತೂಕದ, ಇಟ್ಟಿಗೆಯಷ್ಟು ಗಟ್ಟಿಯಾದ ಕಪ್ಪು ಬ್ರೆಡ್ಡು. ಅದನ್ನು ಗಾಡಿಯಲ್ಲಿ ಉದ್ದಕ್ಕೆ ಮಲಗಿಸಿ, ತನ್ನ ಉಣ್ಣೆ ಟೋಪಿಯನ್ನು ಒಂದು ತುದಿಗೆ ತೊಡಿಸಿ, ಬ್ರೆಡ್ಡಿಗೆ ಕುತ್ತಿಗೆ ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿಯವರೆಗೆ ಹೊದಿಕೆ ಎಳೆದ. ದೂರದಿಂದ ನೋಡಿದರೆ ಮುಖ ತಿರುಗಿಸಿ ಮಲಗಿದ ಮಗುವೇ.

ಭಾನುವಾರ ಹತ್ತೂವರೆಗೆ ಅವನು ಗಾಡಿಯನ್ನು ಸಾಲಿನಲ್ಲಿ ಬಾಗಿಲ ಪಕ್ಕ ನಿಲ್ಲಿಸಿ ಒಳಗೆ ಬಂದ. ಬಿರ್ತೆ ದಪ್ಪ ಹೆಂಗಸು. ಕಾಫೆಯೊಳಗೆ ಅವಳು ತಿರುಗಿದರೆ ಗಾಳಿಯೂ ದಾರಿ ಬಿಡುತ್ತಿತ್ತು. ಗಾಜಿನಿಂದಲೇ ಗಾಡಿಯನ್ನು ಇಣುಕಿ, ಎಷ್ಟು ಶಾಂತವಾದ ಕೂಸು ಅಂತ ಮೆಚ್ಚಿ, ಕಿಟಕಿಯ ಮೇಜು ಒರೆಸಿಕೊಟ್ಟಳು. ಎಸ್ಬೆನ್ ಕೂತ. ಮೇಜಿನ ಮೇಲೆ ಬಿಸಿಲು ಬಿದ್ದಿತ್ತು. ಅರ್ಧ ಕೆಲಸ ಮುಗಿಯಿತು ಅಂದುಕೊಂಡ.

ಪಕ್ಕದ ಮೇಜಿನಲ್ಲಿ ಆಸ್ಗರ್ ಅನ್ನುವವನೊಬ್ಬ ಕೂತಿದ್ದ. ಎದೆಮಟ್ಟ ಗಡ್ಡ. ಮಗು ನೋಡಿಕೊಳ್ಳಲು ಕಚೇರಿಯಿಂದ ಆರು ತಿಂಗಳ ರಜೆ ಪಡೆದಿದ್ದ. ಆ ರಜೆಯಲ್ಲಿ ಅವನು ಕಲಿತಿದ್ದನ್ನೆಲ್ಲ ಹೇಳಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ ಅಂತ ಕಾಣುತ್ತದೆ. ಅವನ ಗಾಡಿಯೂ ಎಸ್ಬೆನ್ನನ ಗಾಡಿಯಂಥದ್ದೇ, ಕಡುನೀಲಿ ಬಣ್ಣ, ದೊಡ್ಡ ಚಕ್ರ. ಊರಿನ ಅರ್ಧ ಗಾಡಿಗಳು ಹಾಗೇ ಇದ್ದವು. ಆ ಒಂದು ಹೋಲಿಕೆಯನ್ನೇ ಹಿಡಿದು ಆಸ್ಗರ್ ಮಾತಿಗಿಳಿದ. ಹೆಸರೇನು ಅಂತ ಕೇಳಿದ. ಎಲೆನ್ ಅಂದ ಎಸ್ಬೆನ್. ಎಷ್ಟು ತಿಂಗಳು ಅಂತ ಕೇಳಿದ. ಐದು ಅಂದ. ರಾತ್ರಿ ಅಳುತ್ತಾಳಾ ಅಂತ ಕೇಳಿದ. ಇಲ್ಲವೇ ಇಲ್ಲ ಅಂದ. ತೂಕ ಎಷ್ಟು ಅಂತ ಕೇಳಿದಾಗ, ಅದೊಂದು ಸಂಗತಿ ನಿಜವಾಗಿ ಗೊತ್ತಿದ್ದ ಸಂತೋಷದಲ್ಲಿ ಎಸ್ಬೆನ್ ತಡಮಾಡದೆ ಹೇಳಿಬಿಟ್ಟ.

"ಮೂರು ಕಿಲೋ."

ಆಸ್ಗರ್ ಕಪ್ಪು ಕೆಳಗಿಟ್ಟ. "ಐದು ತಿಂಗಳಿಗೆ ಮೂರು ಕಿಲೋನಾ? ಅಲ್ಲ ಕಣಯ್ಯಾ, ನನ್ನ ಮಗ ಹುಟ್ಟುವಾಗ ನಾಲ್ಕಿದ್ದ. ಏನು ಕೊಡ್ತೀಯ ತಿನ್ನೋಕೆ?"

"ಇನ್ನೂ ಏನೂ ಕೊಟ್ಟಿಲ್ಲ," ಅಂದ ಎಸ್ಬೆನ್.

ಆಸ್ಗರ್ ಬಿರ್ತೆಯನ್ನು ಕರೆದ. ಬಿರ್ತೆ ತಟ್ಟೆ ಒರೆಸುವ ಬಟ್ಟೆಯ ಸಮೇತ ಬಂದು ಎಸ್ಬೆನ್ನನ ಮುಂದೆ ನಿಂತಳು. ಮಗುವಿಗೆ ಗಂಜಿ ಯಾಕೆ ಶುರುಮಾಡಿಲ್ಲ, ದಾದಿ ಮನೆಗೆ ಬಂದು ತೂಗುವುದಿಲ್ಲವೇ, ಹೆಂಡತಿ ಎಲ್ಲಿ, ಅವಳಿಗಾದರೂ ಬುದ್ಧಿ ಇಲ್ಲವೇ ಅಂತ ಇಬ್ಬರೂ ಸರದಿಯಲ್ಲಿ ವಿಚಾರಿಸಿದರು. ಓದದೆ ಪರೀಕ್ಷೆಗೆ ಬಂದ ಹುಡುಗನ ಹಾಗೆ ಎಸ್ಬೆನ್ ಮೇಜಿನ ಮರವನ್ನೇ ನೋಡುತ್ತ ಕೂತ. ಹೆಂಡತಿ ಹನ್ನೊಂದಕ್ಕೆ ಬರುತ್ತಾಳೆ, ಅವಳನ್ನೇ ಕೇಳಿ ಅಂದುಬಿಟ್ಟ. ಅಂದ ಮೇಲೆ ತಾನು ಅಂದದ್ದೇನು ಅಂತ ಹೊಳೆಯಿತು.

ಅಷ್ಟರಲ್ಲಿ ಹೊರಗೆ ಒಂದು ಕಡಲಹಕ್ಕಿ ಬಂದು ಅವನ ಗಾಡಿಯ ಮೇಲೆ ಕೂತಿತು. ಬಂದರಿನಿಂದ ಬರುವ ಈ ಹಕ್ಕಿಗಳಿಗೆ ಬೇಕರಿಯ ವಾಸನೆ ಅರ್ಧ ಮೈಲಿಯಿಂದ ತಿಳಿಯುತ್ತದೆ. ಅದು ಆಚೆ ಈಚೆ ನೋಡಿ, ಕತ್ತು ಒಳಗೆ ತೂರಿಸಿ, ಕುಟ್ಟತೊಡಗಿತು.

 ಕಾಫೆಯಲ್ಲಿದ್ದವರೆಲ್ಲ ತಂದೆಯ ಕಡೆ ನೋಡಿದರು. ತಂದೆಗೆ ಬ್ರೆಡ್ಡಿನ ಕ್ಷೇಮದ ಚಿಂತೆ ಇರಲಿಲ್ಲ. ಟೋಪಿ ಕಳಚಿ ಬಿದ್ದರೆ ಮೇಜು ಹೋಗುತ್ತದೆ ಅನ್ನುವ ಚಿಂತೆಯಿತ್ತು.

"ಎದ್ದೇಳಯ್ಯಾ," ಅಂದಳು ಬಿರ್ತೆ. "ಹಕ್ಕಿ ನಿನ್ನ ಮಗೂನ ತಿಂತಾ ಇದೆ."

ಎಸ್ಬೆನ್ ಗಡಬಡಿಸಿ ಎದ್ದ, ಮೊಣಕಾಲು ಮೇಜಿಗೆ ಬಡಿಯಿತು, ಬಿಸಿ ಕಾಫಿ ಪೂರ್ತಿ ಅವನ ತೊಡೆಗೆ ಬಿತ್ತು. ಅವನು ಬಗ್ಗಿಕೊಂಡು ಕುಣಿಯುತ್ತಿರುವಾಗ, ಬಿರ್ತೆ ಬಟ್ಟೆಯಿಂದ ಅವನನ್ನು ಒರೆಸುತ್ತ ಬಯ್ಯುತ್ತಿರುವಾಗ, ಆಸ್ಗರ್ ಹೊರಗೆ ಓಡಿ ಹಕ್ಕಿಯನ್ನು ಅಟ್ಟಿ, ಗಾಡಿಗಳನ್ನು ಅತ್ತಿತ್ತ ಸರಿಸಿ, ಎದೆಯುಬ್ಬಿಸಿ ವಾಪಸು ಬಂದ. ಕೂಸು ಕಮಕ್ ಕಿಮಕ್ ಅನ್ನಲಿಲ್ಲ, ಗಟ್ಟಿಗಿತ್ತಿ ಅಂದ. ಬೇರೆಯವರ ಮಗುವನ್ನು ಮುಟ್ಟುವುದು ಸರಿಯಲ್ಲವೆಂದು ಹೊದಿಕೆಯನ್ನಷ್ಟೇ ಮೇಲಕ್ಕೆ ಎಳೆದನಂತೆ. ಎಸ್ಬೆನ್ ಜೀವಮಾನದಲ್ಲಿ ಯಾರ ಸಭ್ಯತೆಗೂ ಅಷ್ಟು ಕೃತಜ್ಞನಾಗಿರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ರಿಕ್ಕೆ ಸೈಕಲ್ಲು ನಿಲ್ಲಿಸಿ ಒಳಗೆ ಬಂದಳು. ಬಾಗಿಲಲ್ಲೇ ಬಿರ್ತೆ ಅವಳನ್ನು ಹಿಡಿದುಕೊಂಡಳು. ಬಂದೆಯೇನಮ್ಮ, ನಿನ್ನ ಗಂಡ ಮಗುವನ್ನು ಹಕ್ಕಿಗೆ ಹಾಕುತ್ತಿದ್ದ, ಮೊದಲು ಅದಕ್ಕೆ ಗಂಜಿ ಶುರುಮಾಡು ಅಂದಳು. ರಿಕ್ಕೆ ಅವಳನ್ನು ನೋಡಿದಳು, ಗಾಜಿನ ಹೊರಗಿನ ಗಾಡಿಗಳ ಸಾಲನ್ನು ನೋಡಿದಳು, ಒದ್ದೆ ಪ್ಯಾಂಟಿನ ಎಸ್ಬೆನ್ನನನ್ನು ನೋಡಿದಳು. ಕೋಟು ಬಿಚ್ಚದೆ ಎದುರು ಕೂತಳು.

ಈಗಲೇ ನಿಜ ಹೇಳಿಬಿಟ್ಟರೆ ಮುಗಿಯಿತು ಅಂತ ಎಸ್ಬೆನ್ನನಿಗೆ ಗೊತ್ತಿತ್ತು. ಆದರೆ ಒಂದು ಕಡೆ ಆಸ್ಗರನ ಗಡ್ಡ, ಇನ್ನೊಂದು ಕಡೆ ಬಿರ್ತೆಯ ಬಟ್ಟೆ, ಎರಡೂ ಕಿವಿಗೊಟ್ಟು ನಿಂತಿದ್ದವು. ಮೇಜು ಇನ್ನೊಂದು ಐದು ನಿಮಿಷ ಉಳಿದರೆ ಅವಳ ಮಾತು ಕೇಳಬಹುದು, ಒಪ್ಪಬಹುದು, ಆಮೇಲೆ ರಸ್ತೆಯಲ್ಲಿ ಎಲ್ಲ ಹೇಳಬಹುದು ಅಂತ ಲೆಕ್ಕ ಹಾಕಿದ. ಕಣ್ಣು ಮಿಟುಕಿಸಿದ. ಮೇಜಿನಡಿ ಅವಳ ಕಾಲು ತುಳಿದ. ರಿಕ್ಕೆ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಹೊರಗಿರೋದು ನಿನ್ನ ಮಗುನಾ, ಎಸ್ಬೆನ್?"

"ಹೂಂ," ಅಂದ ಎಸ್ಬೆನ್.

"ಹೆಸರು?"

"ಸ್ವೆನ್."

"ಆಗಲೇ ಎಲೆನ್ ಅಂದೆಯಲ್ಲೋ," ಅಂದ ಆಸ್ಗರ್ ಪಕ್ಕದಿಂದ.

 ರಿಕ್ಕೆ ಕೋಪ ಮಾಡಿಕೊಳ್ಳಲಿಲ್ಲ. ಶ್ರುತಿ ಸರಿಹೋಗದ ಪಿಯಾನೊದ ಮುಚ್ಚಳ ಹಾಕುವವಳ ಹಾಗೆ ಮೆಲ್ಲಗೆ ಮಾತಾಡಿದಳು.

"ನಾನು ಹೇಳೋಕೆ ಬಂದಿದ್ದು ಒಂದೇ ಮಾತು. ನನಗೆ ಮಕ್ಕಳು ಬೇಡ. ಹೆರೋದೂ ಬೇಡ, ಇನ್ನೊಬ್ಬರದ್ದು ಸಾಕೋದೂ ಬೇಡ. ಇದನ್ನ ಕೇಳಿ ಹೋದವರು ಸುಮಾರು ಜನ ಇದ್ದಾರೆ. ನಿನಗೆ ಮಕ್ಕಳಿಲ್ಲ ಅಂದಿದ್ದೆಯಲ್ಲ, ನೀನು ಹೋಗಲ್ಲ ಅಂದ್ಕೊಂಡಿದ್ದೆ." ಎದ್ದು ನಿಂತಳು. "ಹೆಸರು ಕೂಡ ನೆನಪಿಲ್ಲವಲ್ಲ ನಿನಗೆ. ಪಾಪ, ಆ ಮಗು."

ಬಾಗಿಲು ಮುಚ್ಚಿತು. ತನ್ನಲ್ಲಿ ಏನಿಲ್ಲವೋ ಅದೇ ತನ್ನ ಏಕೈಕ ಅರ್ಹತೆಯಾಗಿತ್ತು ಅಂತ ತಿಳಿಯಲು ಎಸ್ಬೆನ್ನನಿಗೆ ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಅವನು ಕೂರಲಿಲ್ಲ. ಮೇಜು ಹಾಳಾಗಿ ಹೋಗಲಿ. ಬಿರ್ತೆ ಅಡುಗೆಮನೆಗೆ ಹೋಗಿದ್ದಳು, ಆಸ್ಗರ್ ದಾಲ್ಚಿನ್ನಿ ಬನ್ನಿಗಾಗಿ ಕೌಂಟರಿನಲ್ಲಿ ಬೆನ್ನುಹಾಕಿ ನಿಂತಿದ್ದ. ಎಸ್ಬೆನ್ ಹೊರಗೆ ಹಾರಿ, ಬಾಗಿಲ ಪಕ್ಕ ತಾನು ಬಿಟ್ಟಿದ್ದ ಜಾಗದಿಂದ ಗಾಡಿಯನ್ನು ಕಿತ್ತುಕೊಂಡು ಓಡಿದ. ಬಾಯಿಮಾತು ಇನ್ನು ನಡೆಯುವುದಿಲ್ಲ. ಬ್ರೆಡ್ಡನ್ನೇ ತೋರಿಸಬೇಕು.

ರಿಕ್ಕೆಯ ಸೈಕಲ್ಲು ಆಗಲೇ ಮುಂದಿನ ಕೂಡುರಸ್ತೆಯ ಹತ್ತಿರವಿತ್ತು. ಗಾಡಿಯ ಚಕ್ರಗಳು ಕಲ್ಲಿನ ಮೇಲೆ ಗಡಗಡ ಅಂದವು. ಒಬ್ಬಳು ಮುದುಕಿ ಗೋಡೆಗೆ ಒರಗಿ ದಾರಿ ಬಿಟ್ಟಳು. ದೀಪ ಕೆಂಪಾಯಿತು. ರಸ್ತೆಯಲ್ಲಿ ಒಂದು ನಾಯಿ ಕೂಡ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುವ ಊರು ಅದು. ಹೃದಯ ಒಡೆದವರೂ ನಿಲ್ಲುತ್ತಾರೆ. ರಿಕ್ಕೆ ಒಂದು ಕಾಲು ಕೆಳಗೂರಿ ನಿಂತಳು, ಅವಳ ಹಿಂದೆ ಮುಂದೆ ಇನ್ನಷ್ಟು ಸೈಕಲ್ಲಿನವರು ನಿಂತರು. ಎಸ್ಬೆನ್ ಏದುಸಿರು ಬಿಡುತ್ತ ಗಾಡಿಯನ್ನು ಅವಳ ಸೈಕಲ್ಲಿಗೆ ಅಡ್ಡ ಹಾಕಿದ.

"ನನಗೆ ಮಗು ಇಲ್ಲ ರಿಕ್ಕೆ. ದೇವರಾಣೆ. ಮೇಜಿಗೋಸ್ಕರ ಸುಳ್ಳು ಹೇಳಿದೆ. ಇದರಲ್ಲಿರೋದು ಬ್ರೆಡ್ಡು."

"ಬ್ರೆಡ್ಡು," ಅಂದಳು ರಿಕ್ಕೆ.

"ಬೇಕರಿಯಿಂದ ತಂದಿದ್ದು. ಮೂರು ಕಿಲೋ. ನೀನೇ ನೋಡು."

ಸೈಕಲ್ಲಿನವರೆಲ್ಲ ಕತ್ತು ಚಾಚಿದರು. ಎಸ್ಬೆನ್ ಗೆದ್ದವನ ಹಾಗೆ ಹೊದಿಕೆಯನ್ನು ಕಾಲವರೆಗೆ ಎಳೆದ.

ಒಳಗೆ ಮಲಗಿದ್ದ ಗುಂಡುಗುಂಡಾದ ಗಂಡುಮಗು ಚಳಿಗೆ ಎಚ್ಚರವಾಗಿ, ಆಕಳಿಸಿ, ಬಾಯಿಗೆ ಮುಷ್ಟಿ ತುರುಕಿಕೊಂಡು ಎಸ್ಬೆನ್ನನನ್ನೇ ದಿಟ್ಟಿಸಿತು.

 ರಿಕ್ಕೆ ಬಗ್ಗಿ ಹೊದಿಕೆಯನ್ನು ಮತ್ತೆ ಕುತ್ತಿಗೆಯವರೆಗೆ ಹೊದಿಸಿದಳು.

"ಬ್ರೆಡ್ಡು ಚೆನ್ನಾಗಿದೆ," ಅಂದಳು. "ಮೂಗು ನಿನ್ನದೇ."

ದೀಪ ಹಸಿರಾಯಿತು. ಸೈಕಲ್ಲುಗಳು ಹೋದವು, ಅವುಗಳ ನಡುವೆ ರಿಕ್ಕೆಯದೂ ಹೋಯಿತು.

ಆಸ್ಗರ್ ಕೈಯಲ್ಲಿ ಬನ್ನು ಹಿಡಿದೇ ಓಡಿಬಂದ, ಅವನ ಹಿಂದೆ ಬಿರ್ತೆ, ಅವಳ ಹಿಂದೆ ಕಿಟಕಿ ಮೇಜಿನ ಹೆತ್ತವರೆಲ್ಲ. ಆಸ್ಗರ್ ಮಗುವನ್ನು ಎತ್ತಿ ಎದೆಗವಚಿಕೊಂಡು, ಉಸಿರು ಬಂದ ಮೇಲೆ ಪೊಲೀಸರನ್ನು ಕರೆಯುತ್ತೇನೆ ಅಂದ. ತಾನು ಮಗು ಕಳ್ಳನಲ್ಲ ಅಂತ ಸಾಬೀತು ಮಾಡಲು ಎಸ್ಬೆನ್ನನಿಗೆ ತಾನು ಮೇಜು ಕಳ್ಳ ಅಂತ ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಒಪ್ಪಿಕೊಂಡ. ಬ್ರೆಡ್ಡಿನ ಕತೆಯನ್ನು ಮೊದಲಿಂದ ಹೇಳಿದ. ಈ ಸಲ ಎಲ್ಲರೂ ನಂಬಿದರು. ನಂಬಬೇಕಾದವಳು ಮಾತ್ರ ಅಲ್ಲಿರಲಿಲ್ಲ.

"ನಿನ್ನ ಗಾಡಿ ಎಲ್ಲೂ ಹೋಗಿಲ್ಲ ಕಣಯ್ಯಾ," ಅಂದ ಆಸ್ಗರ್. "ಹಕ್ಕಿ ಕಾಟ ಅಂತ ನಾನೇ ಬದಲಾಯಿಸಿದೆ. ಚಪ್ಪರದ ಕೆಳಗೆ ನನ್ನ ಗಾಡಿ ಇತ್ತು, ಅಲ್ಲಿಗೆ ನಿನ್ನದನ್ನ ಹಾಕಿ, ನನ್ನದನ್ನ ಬಾಗಿಲ ಹತ್ರ ತಂದಿಟ್ಟೆ. ಮೂರೇ ಕಿಲೋ ಇರೋ ಮಗು, ಪಾಪ ಅಂತ."

ಕಾಫೆಗೆ ಮರಳಿದಾಗ ಚಪ್ಪರದ ಕೆಳಗೆ ಏಳೆಂಟು ಕಡಲಹಕ್ಕಿಗಳು ಸೇರಿದ್ದವು. ಎಸ್ಬೆನ್ ಉಳಿದ ಬ್ರೆಡ್ಡಿನ ಫೋಟೋ ತೆಗೆದು ರಿಕ್ಕೆಗೆ ಕಳಿಸಿದ. ಅದು ಅವಳನ್ನು ಮುಟ್ಟಲಿಲ್ಲ. ನಂಬರು ಆಗಲೇ ಬ್ಲಾಕ್ ಆಗಿತ್ತು. ಇನ್ನು ಮುಂದೆ ಹಿಂದಿನ ಕತ್ತಲಲ್ಲೂ ನಿನಗೆ ಜಾಗವಿಲ್ಲ ಅಂತ ಬಿರ್ತೆ ಬಾಗಿಲಲ್ಲೇ ನಿಂತು ಹೇಳಿದಳು.

ಆ ಭಾನುವಾರ ಎಸ್ಬೆನ್ ಕೋಫೋಡ್ ಕಳಕೊಂಡದ್ದು ಇಷ್ಟು: ಒಬ್ಬಳು ರಿಕ್ಕೆ, ಒಂದು ಕಾಫೆ, ಒಂದು ಪ್ಯಾಂಟು, ಒಂದು ಉಣ್ಣೆ ಟೋಪಿ, ಎರಡೂವರೆ ಕಿಲೋ ಬ್ರೆಡ್ಡು.